ವಾರಾಂತ್ಯದ ಪ್ರವಾಸಕ್ಕೆ ಒಂದೇ ಊರು ಸಾಕು

ಮಾನ್ಯ ಸಂಪಾದಕರೇ,

ಯುರೋಪಿನ ಸಣ್ಣ ನಗರಗಳ ಕುರಿತು ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ನೋಡಬೇಕಾದ ಸ್ಥಳಗಳ ಪಟ್ಟಿ, ಚೆಂದದ ಚಿತ್ರಗಳು ಎಲ್ಲವೂ ಅವುಗಳಲ್ಲಿರುತ್ತವೆ. ಆದರೆ ವಾರದ ಯಾವ ದಿನ ಯಾವುದು ತೆರೆದಿರುತ್ತದೆ, ಯಾವುದು ಮುಚ್ಚಿರುತ್ತದೆ ಎಂಬ ವಿವರ ಮಾತ್ರ ಕಾಣಸಿಗುವುದು ಅಪರೂಪ. ಓದು ಅಥವಾ ಉದ್ಯೋಗದ ಸಲುವಾಗಿ ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರು ಈಗ ಸಾಕಷ್ಟು ಮಂದಿ ಇದ್ದಾರೆ. ಶುಕ್ರವಾರ ಮಧ್ಯಾಹ್ನ ಕೆಲಸ ಮುಗಿಸಿ ಹೊರಟು ಭಾನುವಾರ ರಾತ್ರಿಯೊಳಗೆ ಮನೆ ಸೇರಬೇಕಾದ ಅವರಿಗೆ ಮೊದಲು ಬೇಕಾಗುವುದೇ ಈ ವಿವರ. ಅದಿಲ್ಲದೆ ಹೊರಟವರು ಎರಡು ದಿನದಲ್ಲಿ ಮೂರು ಊರು ಸುತ್ತಿ, ಯಾವುದನ್ನೂ ನೆಟ್ಟಗೆ ನೋಡದೆ ದಣಿದು ಬರುವುದನ್ನು ಕಂಡಿದ್ದೇನೆ.

ಉದಾಹರಣೆಗೆ ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲ್ಯಾನಾವನ್ನು ತೆಗೆದುಕೊಳ್ಳೋಣ. ವೆನಿಸ್ ಮತ್ತು ವಿಯೆನ್ನಾಗಳ ನಡುವೆ ಬೀಳುವ ಈ ಊರಿಗೆ ಪ್ಯಾಕೇಜ್ ಪ್ರವಾಸದವರು ಕೊಡುವುದು ಹೆಚ್ಚೆಂದರೆ ಅರ್ಧ ದಿನ. ಊರು ಚಿಕ್ಕದು, ನಿಜ. ಹಳೆಯ ಭಾಗವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು ಮುಗಿಸಲು ಬಹಳ ಹೊತ್ತು ಹಿಡಿಯುವುದಿಲ್ಲ. ಆದರೆ ಇಲ್ಲಿ ಶುಕ್ರವಾರಕ್ಕೊಂದು, ಶನಿವಾರಕ್ಕೊಂದು, ಭಾನುವಾರಕ್ಕೊಂದು ಎಂಬಂತೆ ಬೇರೆ ಬೇರೆ ವಾಡಿಕೆಗಳಿವೆ. ಅವುಗಳಿಗೆ ಹೊಂದಿಕೊಂಡು ಯೋಜನೆ ಮಾಡಿದವರಿಗೆ ಎರಡು ರಾತ್ರಿ, ಎರಡು ಹಗಲು ಹೆಚ್ಚೆನಿಸುವುದಿಲ್ಲ.

ಮಾರ್ಚ್ ಮಧ್ಯಭಾಗದಿಂದ ಅಕ್ಟೋಬರ್‌ವರೆಗೆ, ಮಳೆ ಇಲ್ಲದ ಶುಕ್ರವಾರಗಳಲ್ಲಿ, ಮಾರುಕಟ್ಟೆಯ ಪಕ್ಕದ ಪೊಗಾಚಾರ್ ಚೌಕದಲ್ಲಿ ‘ಒದ್‌ಪ್ರ್ತಾ ಕುಹ್ನಾ’ ಎಂಬ ಬಯಲು ಅಡುಗೆಮನೆ ನಡೆಯುತ್ತದೆ. ಊರಿನ ಮತ್ತು ಹೊರಗಿನ ಹೋಟೆಲುಗಳವರು ಅಲ್ಲೇ ಒಲೆ ಹೂಡಿ, ಕಣ್ಣೆದುರೇ ಬೇಯಿಸಿ ಬಡಿಸುತ್ತಾರೆ. ಇದನ್ನು ನೋಡಬೇಕೆನ್ನುವವರು ಶುಕ್ರವಾರ ಕತ್ತಲಾಗುವ ಮೊದಲೇ ಊರು ತಲುಪುವಂತೆ ಟಿಕೆಟ್ ಕಾಯ್ದಿರಿಸಬೇಕು. ಶನಿವಾರ ಬೆಳಿಗ್ಗೆಯ ವಿಮಾನ ಅಗ್ಗವೆಂದು ಅದನ್ನು ಹಿಡಿದರೆ ಇದು ತಪ್ಪಿಹೋಗುವುದಲ್ಲದೆ, ಶನಿವಾರದ ಮಾರುಕಟ್ಟೆಯೂ ಕೈತಪ್ಪುವ ಸಂಭವವಿದೆ.

ಆ ಮಾರುಕಟ್ಟೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಲ್ಯುಬ್ಲ್ಯಾನಿತ್ಸಾ ನದಿಯ ಬಾಗಿಗೆ ಹೊಂದಿಕೊಂಡು ತಾನೂ ಬಾಗಿ ನಿಂತಿರುವ ಅದರ ಉದ್ದನೆಯ ಕಂಬಸಾಲನ್ನು ರೂಪಿಸಿದವರು ವಾಸ್ತುಶಿಲ್ಪಿ ಯೋಝೆ ಪ್ಲೆಚ್ನಿಕ್. 1872ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಅವರು ವಿಯೆನ್ನಾ ಮತ್ತು ಪ್ರಾಗ್‌ಗಳಲ್ಲಿ ಕೆಲಸ ಮಾಡಿ ಮರಳಿ ಬಂದು, ತಮ್ಮ ಊರನ್ನು ಸೇತುವೆ, ದಂಡೆ, ದೀಪದ ಕಂಬಗಳ ಮಟ್ಟದಿಂದ ತಿದ್ದಿದರು. 1842ರ ಹಳೆಯ ಕಲ್ಲು ಸೇತುವೆಯೊಂದು ಊರಿಗೆ ಸಾಲದಾದಾಗ ಅದನ್ನು ಕೆಡವದೆ, ಎರಡೂ ಬದಿಗೆ ನಡೆಯುವವರಿಗಾಗಿ ಒಂದೊಂದು ಸೇತುವೆ ಸೇರಿಸಿದರು; 1932ರ ಹೊತ್ತಿಗೆ ಮುಗಿದ ಆ ಕೆಲಸವೇ ಇಂದಿನ ‘ತ್ರಿವಳಿ ಸೇತುವೆ’. ಅವರ ಲ್ಯುಬ್ಲ್ಯಾನಾದ ಕೃತಿಗಳನ್ನು ಯುನೆಸ್ಕೊ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶನಿವಾರ ಬೆಳಿಗ್ಗೆ ಈ ಕಂಬಸಾಲಿನ ಮುಂದೆ ರೈತರ ಮಳಿಗೆಗಳು ತುಂಬಿರುತ್ತವೆ. ಹತ್ತಿರದ ತ್ರ್ನೋವೊ, ಕ್ರಾಕೊವೊ ತೋಟಗಳ ಲೆಟಿಸ್ ಸೊಪ್ಪು ಈ ಊರಿನ ಹೆಮ್ಮೆ. ಮಧ್ಯಾಹ್ನದ ಹೊತ್ತಿಗೆ ವ್ಯಾಪಾರ ಇಳಿಮುಖವಾಗುತ್ತದೆ, ಭಾನುವಾರ ಮಾರುಕಟ್ಟೆಯೇ ಇರುವುದಿಲ್ಲ. ಆದ್ದರಿಂದ ಶನಿವಾರದ ಬೆಳಗನ್ನು ಊರಿನ ಗುಡ್ಡದ ಮೇಲಿರುವ ಕೋಟೆಗೆ ಕೊಡಬಾರದು, ಮಾರುಕಟ್ಟೆಗೇ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೋಟೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಲು ಇನ್ನೊಂದು ಕಾರಣವೂ ಇದೆ. ಬೆಟ್ಟಗಳ ನಡುವಿನ ತಗ್ಗಿನಲ್ಲಿರುವ ಈ ಊರನ್ನು ಶರತ್ಕಾಲದಲ್ಲಿ, ಚಳಿಗಾಲದಲ್ಲಿ ಬೆಳಗಿನ ಮಂಜು ದಟ್ಟವಾಗಿ ಮುಸುಕುತ್ತದೆ; ಅದು ಕರಗಿದ ಮೇಲಷ್ಟೇ ಉತ್ತರದ ಆಲ್ಪ್ಸ್ ಶಿಖರಗಳು ಕಾಣುತ್ತವೆ. ಹಾಗೆಂದು ತಡಮಾಡುವಂತೆಯೂ ಇಲ್ಲ, ಡಿಸೆಂಬರ್‌ನಲ್ಲಿ ನಾಲ್ಕೂವರೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಕಾಲುದಾರಿಯಲ್ಲಿ ಹತ್ತಲಾಗದವರಿಗೆ 2006ರಿಂದ ಫ್ಯುನಿಕ್ಯುಲರ್, ಅಂದರೆ ಹಗ್ಗದಿಂದ ಎಳೆಯುವ ಹಳಿಯ ಮೇಲಿನ ಬಂಡಿ ಇದೆ. ಕೋಟೆಯ ಅಂಗಳಕ್ಕೆ ಪ್ರವೇಶ ಉಚಿತ, ಗೋಪುರಕ್ಕೆ ಟಿಕೆಟ್ ಬೇಕು.

ಪ್ಲೆಚ್ನಿಕ್ 1921ರಿಂದ 1957ರಲ್ಲಿ ತೀರಿಕೊಳ್ಳುವವರೆಗೆ ವಾಸವಾಗಿದ್ದ ತ್ರ್ನೋವೊದ ಮನೆಯನ್ನು ಮಾರ್ಗದರ್ಶಕರೊಂದಿಗೆ, ಕೆಲವೇ ಜನರ ಗುಂಪಿನಲ್ಲಿ ಮಾತ್ರ ನೋಡಬಹುದು. ಸೋಮವಾರ ಅದಕ್ಕೆ ರಜೆ. ಮುಂಚಿತವಾಗಿ ಸ್ಥಳ ಕಾಯ್ದಿರಿಸದೆ ಹೋದರೆ ನಿರಾಸೆಯಾಗಬಹುದು. ನನ್ನನ್ನು ಕೇಳಿದರೆ ಈ ಊರಿನಲ್ಲಿ ದಿನ, ಗಂಟೆ ಗೊತ್ತುಮಾಡಿಕೊಂಡೇ ಹೋಗಬೇಕಾದ ಜಾಗ ಇದೊಂದೇ. ಅವರೇ ಕಟ್ಟಿದ ರಾಷ್ಟ್ರೀಯ ಮತ್ತು ವಿಶ್ವವಿದ್ಯಾಲಯ ಗ್ರಂಥಾಲಯದಲ್ಲಿ 32 ಕಪ್ಪು ಕಲ್ಲಿನ ಕಂಬಗಳ ನಡುವಿನ ಮಬ್ಬಿನ ಮೆಟ್ಟಿಲುಗಳನ್ನೇರಿ ಬೆಳಕು ತುಂಬಿದ ವಾಚನಾಲಯವನ್ನು ಸೇರುವಂತೆ ಇಡೀ ಕಟ್ಟಡವನ್ನು ಯೋಜಿಸಲಾಗಿದೆ. ಅದು ಈಗಲೂ ವಿದ್ಯಾರ್ಥಿಗಳು ಕುಳಿತು ಓದುವ ಜಾಗ. ಪ್ರವಾಸಿಗರ ಪ್ರವೇಶಕ್ಕೆ ಮಿತಿಗಳಿವೆ, ಅವನ್ನು ಗೌರವಿಸಬೇಕು.

ಇನ್ನು ಭಾನುವಾರ. ಸ್ಲೊವೇನಿಯಾದಲ್ಲಿ 2020ರಲ್ಲಿ ಅಂಗೀಕಾರವಾದ ಕಾನೂನಿನಂತೆ ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಲ್ಲಿ ಅಂಗಡಿಗಳು ಮುಚ್ಚಿರಬೇಕು. ರೈಲು ನಿಲ್ದಾಣ, ಪೆಟ್ರೋಲ್ ಬಂಕ್, ಆಸ್ಪತ್ರೆಗಳಲ್ಲಿನ ಸಣ್ಣ ಮಳಿಗೆಗಳಿಗೆ ವಿನಾಯಿತಿ ಉಂಟು. ಹೋಟೆಲು, ಕಾಫಿ ಅಂಗಡಿಗಳು ಎಂದಿನಂತೆ ನಡೆಯುತ್ತವೆ. ಮಕ್ಕಳಿರುವವರು, ಬಾಡಿಗೆ ಮನೆ ಹಿಡಿದು ಸ್ವಂತ ಅಡುಗೆ ಮಾಡಿಕೊಳ್ಳುವವರು ಹಾಲು, ಬ್ರೆಡ್ಡು, ಹಣ್ಣುಗಳನ್ನು ಶನಿವಾರವೇ ತಂದಿಟ್ಟುಕೊಳ್ಳಬೇಕು. ಉಡುಗೊರೆ ಕೊಳ್ಳುವುದನ್ನು ಹೊರಡುವ ದಿನಕ್ಕೆ ಉಳಿಸಿಕೊಂಡರೆ ಬರಿಗೈಯಲ್ಲಿ ಮರಳಬೇಕಾದೀತು. ಅಂಗಡಿಯಲ್ಲಿ ದುಡಿಯುವವರಿಗೂ ಮನೆಯವರೊಂದಿಗೆ ಕಳೆಯಲು ಒಂದು ಭಾನುವಾರ ಸಿಗಬೇಕು ಎಂಬ ಆಶಯದ ಕಾನೂನಿದು. ಪ್ರವಾಸಿಗರಾದ ನಾವು ಇದನ್ನು ಅನನುಕೂಲವೆಂದು ದೂರುವುದು ಸರಿಯಲ್ಲ. ಮೇಲಾಗಿ ಆ ಬೆಳಿಗ್ಗೆ ನದಿಯ ದಂಡೆಯಲ್ಲಿ ಹಳೆಯ ವಸ್ತುಗಳ ಸಂತೆ ನೆರೆಯುತ್ತದೆ. ಹಿತ್ತಾಳೆ ತಕ್ಕಡಿ, ಅಂಚೆ ಕಾರ್ಡು, ಯುಗೊಸ್ಲಾವಿಯಾ ಕಾಲದ ನಾಣ್ಯ, ಪದಕಗಳನ್ನು ಮೇಜಿನ ಮೇಲೆ ಹರಡಿ ಕುಳಿತ ವಯಸ್ಸಾದ ಮಾರಾಟಗಾರರು, ಏನನ್ನೂ ಕೊಳ್ಳದವರೊಂದಿಗೂ ಮಾತಿಗೆ ನಿಲ್ಲುತ್ತಾರೆ.

ಫೆಬ್ರುವರಿ 8ರ ಆಸುಪಾಸಿನಲ್ಲಿ ಹೋಗುವವರು ಇನ್ನೊಂದು ಸಂಗತಿ ಗಮನಿಸಬೇಕು. ಕವಿ ಫ್ರಾನ್ಸೆ ಪ್ರೆಷೆರೆನ್ 1849ರಲ್ಲಿ ತೀರಿಕೊಂಡ ಆ ದಿನ ಅಲ್ಲಿ ಸಾರ್ವಜನಿಕ ರಜೆ. ಅಂದು ಅಂಗಡಿಗಳು ಮುಚ್ಚಿದರೂ ಹಲವು ವಸ್ತುಸಂಗ್ರಹಾಲಯಗಳು ಉಚಿತವಾಗಿ ತೆರೆದಿರುತ್ತವೆ. ಕವಿಯ ನೆನಪಿಗೆ ಇಡೀ ದೇಶ ಕೆಲಸ ನಿಲ್ಲಿಸುವ ದಿನವನ್ನು ಕಣ್ಣಾರೆ ಕಾಣುವ ಅವಕಾಶ ಕಾವ್ಯಪ್ರಿಯರಿಗೆ ಬೇರೆಡೆ ಸುಲಭವಾಗಿ ಸಿಗದು.

ಪಕ್ಕದ ಬ್ಲೆಡ್ ಸರೋವರವನ್ನೂ ಇದೇ ವಾರಾಂತ್ಯಕ್ಕೆ ಸೇರಿಸಿ ಎಂದು ಬಹುತೇಕ ಎಲ್ಲ ಬರಹಗಳೂ ಹೇಳುತ್ತವೆ. ನಾನು ಇದನ್ನು ಒಪ್ಪುವುದಿಲ್ಲ. ಅದು ಸುಮಾರು 55 ಕಿಲೋಮೀಟರ್ ದೂರದಲ್ಲಿದೆ. ಬಸ್ಸಿನಲ್ಲಿ ಹೋಗಲು ಒಂದು ಗಂಟೆಯ ಮೇಲೆ, ಬರಲು ಅಷ್ಟೇ, ಸರೋವರದ ಸುತ್ತ ಆರು ಕಿಲೋಮೀಟರ್ ನಡಿಗೆ, ದೋಣಿಗಾಗಿ ಕಾಯುವುದು ಎಂದೆಲ್ಲ ಕೂಡಿದರೆ ಹಗಲು ಕಳೆದೇ ಹೋಯಿತು. ಬ್ಲೆಡ್‌ಗೆ ಅದರದೇ ವಾರಾಂತ್ಯ ಬೇಕು.

ತಲುಪುವ ಬಗೆಯನ್ನೂ ಯೋಚಿಸಬೇಕು. ಊರಿನಿಂದ ಸುಮಾರು 25 ಕಿಲೋಮೀಟರ್ ದೂರದ ವಿಮಾನ ನಿಲ್ದಾಣಕ್ಕೆ ರೈಲು ಇಲ್ಲ, ನೇರ ವಿಮಾನಗಳೂ ಕಡಿಮೆ; ಟ್ರಿಯೆಸ್ಟ್, ವೆನಿಸ್ ಅಥವಾ ಝಾಗ್ರೆಬ್‌ಗೆ ಬಂದು ಬಸ್ಸು ಹಿಡಿಯುವುದು ಎಷ್ಟೋ ಸಲ ಅನುಕೂಲ. 2007ರಿಂದ ಹಳೆಯ ಊರಿನೊಳಗೆ ವಾಹನಗಳನ್ನು ಹಂತಹಂತವಾಗಿ ನಿಲ್ಲಿಸಲಾಗಿದೆ. ಹೋಟೆಲಿನ ಬಾಗಿಲಿಗೇ ಟ್ಯಾಕ್ಸಿ ಬರುತ್ತದೆಂದು ಎಣಿಸದೆ ಹಗುರವಾದ ಚೀಲ ಒಯ್ಯುವುದು ಲೇಸು. ವಯಸ್ಸಾದ ತಂದೆ ತಾಯಿಯನ್ನು ಕರೆದೊಯ್ಯುವವರಿಗೆ ‘ಕವಾಲಿರ್’ ಎಂಬ ಉಚಿತ ವಿದ್ಯುತ್ ವಾಹನಗಳ ಸೇವೆ ಇದೆ. ಮಾರ್ಚ್‌ನ ಕೊನೆಯ ಭಾನುವಾರ ನಸುಕಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುವುದನ್ನು ಮರೆತರೆ ಬೆಳಗಿನ ಬಸ್ಸು ತಪ್ಪೀತು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಪ್ರವೇಶದ ನಿಯಮ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್‌ನಲ್ಲಿ ಸ್ಲೊವೇನಿಯಾವೂ ಇದೆ. ಜರ್ಮನಿ, ನೆದರ್ಲೆಂಡ್ಸ್‌ನಂತಹ ಇನ್ನೊಂದು ಷೆಂಗೆನ್ ದೇಶದ ನಿವಾಸ ಪರವಾನಗಿ ಇರುವವರು ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡು ಬೇರೆ ವೀಸಾ ಇಲ್ಲದೆ ಹೋಗಿಬರಬಹುದು. ಐರ್ಲೆಂಡ್ ಅಥವಾ ಬ್ರಿಟನ್ನಿನಲ್ಲಿ ಓದುತ್ತಿರುವ ಭಾರತೀಯ ಪಾಸ್‌ಪೋರ್ಟಿನವರಿಗೆ ಅಲ್ಲಿನ ಪರವಾನಗಿ ಸಾಲದು. ಷೆಂಗೆನ್ ವೀಸಾ ಬೇಕೇ ಬೇಕು. 2024ರ ಜೂನ್‌ನಿಂದ ಅದರ ಶುಲ್ಕ ವಯಸ್ಕರಿಗೆ 90 ಯೂರೊ. ಎರಡು ದಿನದ ಪ್ರವಾಸಕ್ಕೂ ಅಷ್ಟೇ ಶುಲ್ಕ, ಅಷ್ಟೇ ಕಾಗದಪತ್ರ. ವೀಸಾ ಕೈಸೇರುವ ಮುನ್ನ, ಹಣ ಮರಳಿ ಸಿಗದ ಟಿಕೆಟ್ ಕೊಳ್ಳುವ ಸಾಹಸವನ್ನು ವಿದ್ಯಾರ್ಥಿಗಳು ಮಾಡಬಾರದು.

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಪ್ರತಿ ನಗರದ ಬರಹದ ಜೊತೆ ಒಂದು ಸಣ್ಣ ಚೌಕಟ್ಟು ಹಾಕಿ, ಅಲ್ಲಿನ ಸಂತೆಯ ದಿನ, ಅಂಗಡಿ ಮತ್ತು ವಸ್ತುಸಂಗ್ರಹಾಲಯಗಳ ರಜೆ, ಸಾರ್ವಜನಿಕ ರಜಾದಿನಗಳು, ಕೊನೆಯ ಬಸ್ಸಿನ ಹೊತ್ತು, ಮುಂಗಡವಾಗಿ ಕಾಯ್ದಿರಿಸಬೇಕಾದ ಸ್ಥಳಗಳನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಜಾಗ ಸಾಲದಿದ್ದರೆ ಚಿತ್ರಗಳಲ್ಲಿ ಒಂದನ್ನು ಕೈಬಿಟ್ಟರೂ ಓದುಗರು ಬೇಸರಿಸಲಾರರು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ