ಹಾರ್ತ್ ತಪಾಸಣೆ ಮುಗಿಯಿತು, ಥ್ಯಾಂಕ್ಸ್ ಬಾಕಿ ಇತ್ತು

ಬ್ಲಾಸ್ಟ್ ಫರ್ನೇಸಿನ ಹಾರ್ತ್, ಅಂದರೆ ಕರಗಿದ ಕಬ್ಬಿಣ ನಿಲ್ಲುವ ತಳಭಾಗ. ಅದರ ಗೋಡೆಗೆ ಸುತ್ತಿಗೆ ಬಡಿದು, ಪ್ರತಿಧ್ವನಿ ಕೇಳಿ, ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ಅಳೆಯುವ ಕೆಲಸ ಮುಗಿದು ವರದಿ ಕೊಟ್ಟಾಯಿತು. ಪೇಂಟ್ ಉಜ್ಜಿ ತೆಗೆದವರು, ಅಟ್ಟಣಿಗೆ ಕಟ್ಟಿದವರು, ಎರಡು ಕಾಸ್ಟ್‌ಗಳ (ಕರಗಿದ ಕಬ್ಬಿಣ ಹೊರಬಿಡುವ ಸರದಿಗಳ) ನಡುವಿನ ಬಿಡುವನ್ನು ನಮಗೇ ಬಿಟ್ಟುಕೊಟ್ಟ ಕಂಟ್ರೋಲ್ ರೂಮಿನವರು, ರಾತ್ರಿ ಎರಡಕ್ಕೆ ಟೀ ತಂದವರು, ಎಲ್ಲರಿಗೂ ನಮಸ್ಕಾರ.

ಫಿಟ್ಟರ್ ಅಣ್ಣನ ಲೆಕ್ಕ ಮಾತ್ರ ಇಷ್ಟಕ್ಕೆ ತೀರುವುದಿಲ್ಲ. (ಹೆಸರು ಹಾಕಬೇಡಿ ಅಂದಿದ್ದಾರೆ.) ಕಬ್ಬಿಣ ಹೊರಬರುವ ಟ್ಯಾಪ್‌ಹೋಲ್ ಪಕ್ಕದ ಮೂರು ಬಿಂದುಗಳಲ್ಲಿ, ಗೋಡೆಯ ಒಳಪದರವಾದ ಕಾರ್ಬನ್ ಬ್ಲಾಕಿನ ಒಳಮುಖದಿಂದ ಪ್ರತಿಧ್ವನಿಯೇ ಇಲ್ಲ, ಪರದೆ ತುಂಬ ಒಂದೇ ಸ್ವರದ ಉದ್ದನೆಯ ಕಂಪನ. ಸೆನ್ಸರ್ ಕೆಟ್ಟಿರಬೇಕೆಂದು ಬದಲಾಯಿಸಿದ್ದೂ ಆಯಿತು. ಅಣ್ಣ ಗ್ರೀಸ್ ಒರೆಸಿ, ಸ್ಪ್ಯಾನರ್‌ನಿಂದ ಶೆಲ್ (ಹೊರಗಿನ ಉಕ್ಕಿನ ಕವಚ) ಕುಟ್ಟಿ, "ಹಿಂದೆ ಪೊಳ್ಳು ಸರ್" ಅಂದರು. ಶೆಲ್‌ಗೂ ಬ್ಲಾಕಿಗೂ ನಡುವೆ ಜಡಿದು ತುಂಬಿದ್ದ ರಾಮಿಂಗ್ ಬಿಟ್ಟುಕೊಂಡು ಸಂದಿಯಾಗಿತ್ತು. ಉಕ್ಕಿನಿಂದ ಗಾಳಿಗೆ ಶಬ್ದ ದಾಟುವುದಿಲ್ಲವೆಂದೇ ಹೇಳಬೇಕು, ಹಾಗಾಗಿ ಶೆಲ್ಲೊಂದೇ ಗಂಟೆಯಂತೆ ಮೊಳಗುತ್ತದೆ. ಶಾಖಕ್ಕೂ ಅಲ್ಲೇ ತಡೆ: ಮುಟ್ಟಿದರೆ ಶೆಲ್ ತಣ್ಣಗೆ, ಒಳಗೆ ಬ್ಲಾಕ್ ಬೆಂದು ಬೇಗ ಸವೆಯುತ್ತಿರುತ್ತದೆ.

ನಾವಾಗಿದ್ದರೆ "ಸಿಗ್ನಲ್ ಇಲ್ಲ" ಅಂತ ಮೂರು ಖಾನೆ ಖಾಲಿ ಬಿಟ್ಟು ಸಹಿ ಹಾಕುತ್ತಿದ್ದೆವು. ಗೋಡೆಯ ಆಚೆ ಸುಮಾರು 1,500 ಡಿಗ್ರಿಯ ಕಬ್ಬಿಣ, ಈಚೆ ಶಿಫ್ಟಿನ ಹುಡುಗರು. ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ.

ಅಲ್ಲಿಂದ ಬೆಳಗಿನವರೆಗೆ ಸುತ್ತಿಗೆ ಅಣ್ಣನ ಕೈಯಲ್ಲೇ ಇತ್ತು. 300 ಮಿ.ಮೀ.ಗೊಂದು ಬಿಂದು, ಬಿಂದುವಿಗೆ ಹತ್ತು ಏಟು. ಸುತ್ತಿಗೆ ಪುಟಿದು ಎರಡು ಸಲ ತಾಗಿದರೆ ಆ ದಾಖಲೆ ಕಸಕ್ಕೆ; ಅವರ ಏಟುಗಳಲ್ಲಿ ಕಸಕ್ಕೆ ಹೋದದ್ದು ಕೈಬೆರಳೆಣಿಕೆ.

ಪೊಳ್ಳಿಗೆ ಕಡಿಮೆ ಒತ್ತಡದಲ್ಲೇ ಗ್ರೌಟ್ (ಆಮೇಲೆ ಗಟ್ಟಿಯಾಗುವ ಗಾರೆ) ತುಂಬಿಸಿದರು; ಒತ್ತಡ ಹೆಚ್ಚಾದರೆ ಬ್ಲಾಕೇ ಒಳಕ್ಕೆ ಸರಿದೀತು. ಅದು ಗಟ್ಟಿಯಾದ ಮೇಲೆ ಮತ್ತೆ ಬಡಿದಾಗ ಗಂಟೆಯ ನಾದ ಅಡಗಿ 1,500 ಹರ್ಟ್ಸ್‌ನಲ್ಲಿ ಪ್ರತಿಧ್ವನಿಯ ಶಿಖರ ಎದ್ದಿತು. ಸ್ಟೋರಿನಲ್ಲಿ ಉಳಿದಿದ್ದ ಅದೇ ಜಾತಿಯ ಬ್ಲಾಕಿನಲ್ಲಿ ಅಳೆದ ಶಬ್ದದ ವೇಗ ಸೆಕೆಂಡಿಗೆ 2,400 ಮೀಟರ್. ಅದನ್ನು ಆವರ್ತದ ಎರಡರಷ್ಟರಿಂದ ಭಾಗಿಸಿದರೆ, ತಾಪದ ತಿದ್ದುಪಡಿಗೆ ಮುಂಚೆ, ದಪ್ಪ 800 ಮಿ.ಮೀ. ಒಂದು ಬಿಂದುವಿನಲ್ಲಿ ಮಾತ್ರ 2,400 ಹರ್ಟ್ಸ್, ಅಂದರೆ 500. ಅಲ್ಲಿ ಗೋಡೆಯೊಳಗಿನ ತಾಪ ಅಳೆಯುವ ಥರ್ಮೋಕಪಲ್ ತಣ್ಣಗಿತ್ತು. ಗೋಡೆ ನಿಜಕ್ಕೂ ತೆಳುವಾಗಿದ್ದರೆ ಅದು ಬಿಸಿ ತೋರಿಸಬೇಕಿತ್ತು. ಬ್ಲಾಕಿನೊಳಗೆ ಗೋಡೆಗೆ ಸಮಾನಾಂತರ ಬಿರುಕಿದ್ದರೆ ಶಬ್ದವೂ ಅಲ್ಲಿಂದಲೇ ವಾಪಸ್, ಶಾಖವೂ ಅಲ್ಲೇ ತಡೆ. ಹಳೆಯ ದಾಖಲೆ ಕೆದಕಿ ಇದನ್ನು ಹೊಂದಿಸಿಕೊಟ್ಟ ಇನ್‌ಸ್ಟ್ರುಮೆಂಟೇಷನ್ ತಂಗಿಗೂ ಥ್ಯಾಂಕ್ಸ್. ಆ ಬಿಂದುವಿಗೆ 500 ಅಂತಲೇ ಬರೆದಿದ್ದೇವೆ. ಬಿರುಕಿನಾಚೆಯ ಬ್ಲಾಕನ್ನು ನಂಬಿ ಕೂರುವಂತಿಲ್ಲ.

ಮರುಪರೀಕ್ಷೆಯ ದಿನ ಅಣ್ಣನಿಗೆ ವಾರದ ರಜೆ. ಆದರೂ ಬಂದರು, ಮೂರೂ ಕಡೆ ಸ್ಪ್ಯಾನರ್‌ನಿಂದ ಕುಟ್ಟಿ, "ಈಗ ಸರಿ" ಅಂದು ಬಸ್ ಹಿಡಿದರು.