ಗದಗಿನ ದೋಸ್ತನಿಗೆ, ಫೋಟೊ ಸ್ಟುಡಿಯೊದಿಂದ

ದೋಸ್ತ,

ಸಣ್ಣ ಮಗಳು ರಾತ್ರಿ ಊಟ ಬಿಟ್ಟಿದ್ದಾಳೆ, ಮೊಬೈಲಿನಲ್ಲಿ ಮ್ಯಾಗಜಿನ್ ಮುಖಪುಟದ ನಟಿಯರನ್ನು ನೋಡುತ್ತಾ ಕೂರುತ್ತಾಳೆ ಅಂತ ನೀನು ಬರೆದಿದ್ದೆ. "ನೀ ಫೋಟೊದಾಂವ, ನೀನ ತಿಳಿಸಿ ಹೇಳು" ಅಂದೆ. ಆಗಲಿ, ನನ್ನ ಕಸುಬಿನಿಂದಲೇ ಶುರು ಮಾಡುತ್ತೇನೆ.

ಹುಬ್ಬಳ್ಳಿಯ ನಮ್ಮ ಸ್ಟುಡಿಯೊಕ್ಕೆ ಹುಡುಗಿಯರು ಮದುವೆ ಬಯೊಡಾಟಾ ಫೋಟೊಕ್ಕೆ ಬರುತ್ತಾರೆ. ಹುಡುಗಿ ಸುಮ್ನೆ ಕೂತಿರುತ್ತಾಳೆ. ಮಾತಾಡುವುದೆಲ್ಲ ಜೊತೆಗೆ ಬಂದ ಕಾಕು. "ಒಂಚೂರು ಬೆಳ್ಳಗ ಮಾಡ್ರಿ, ಗಲ್ಲ ಇಳಸ್ರಿ." ಮುಖಕ್ಕೆ ಹಚ್ಚುವ ಕ್ರೀಮಿನ ಹೆಸರಿನಲ್ಲಿ 2020ರಲ್ಲಿ 'ಫೇರ್' ಹೋಗಿ 'ಗ್ಲೋ' ಬಂತು. ಕಾಕುಗಳ ಬೇಡಿಕೆ ಮಾತ್ರ ಹಾಗೇ ಇದೆ.

ಫೋಟೊಶಾಪ್‌ನಲ್ಲಿ ಲಿಕ್ವಿಫೈ ಅಂತ ಒಂದು ಟೂಲ್ ಇದೆ. ಸೊಂಟದ ಅಂಚನ್ನು ಮೌಸಿನಿಂದ ಒಳಗೆ ತಳ್ಳಿದರೆ ಆಯ್ತು. ಹಿಂದೆ ಬಾಗಿಲಿದ್ದರೆ ಅದೂ ಸೊಟ್ಟಗಾಗುತ್ತದೆ, ಅದಕ್ಕೇ ಹಿನ್ನೆಲೆ ಖಾಲಿ ಇದ್ದರೆ ನಮಗೆ ಅನುಕೂಲ. ದೊಡ್ಡ ಮ್ಯಾಗಜಿನ್ನಿನವರು ಮೇಕಪ್‌ಗೆ, ಕೂದಲಿಗೆ, ಬಟ್ಟೆಗೆ, ಲೈಟಿಗೆ ಬೇರೆ ಬೇರೆ ಜನರನ್ನು ಇಟ್ಟುಕೊಂಡಿರುತ್ತಾರೆ. ಬಟ್ಟೆ ಸಡಿಲವಾದರೆ ಬೆನ್ನ ಹಿಂದೆ ಕ್ಲಿಪ್ ಹಾಕುತ್ತಾರೆ. ರೀಟಚ್, ಅಂದರೆ ಕಂಪ್ಯೂಟರಿನಲ್ಲಿ ಫೋಟೊ ತಿದ್ದುವುದು, ಶುರುವಾಗುವುದು ಇದೆಲ್ಲ ಮುಗಿದ ಮೇಲೆ. 2003ರಲ್ಲಿ ಜಿಕ್ಯೂ ಪತ್ರಿಕೆ 'ಟೈಟಾನಿಕ್' ಸಿನಿಮಾದ ನಟಿ ಕೇಟ್ ವಿನ್ಸ್ಲೆಟ್‌ಳನ್ನು ಹೀಗೇ ತೆಳ್ಳಗೆ ಮಾಡಿ ಮುಖಪುಟಕ್ಕೆ ಹಾಕಿತ್ತು. ನಾನು ಹಾಗಿಲ್ಲ, ಹಾಗೆ ಕಾಣುವ ಆಸೆಯೂ ನನಗಿಲ್ಲ ಅಂತ ಅವಳೇ ಹೇಳಿದಳು. ಎಲ್ಲರಿಗೂ ಹಾಗೆ ಹೇಳಲು ಆಗುವುದಿಲ್ಲ. ನಮ್ಮ ಕಿರುತೆರೆಯ ಚೇತನಾ ರಾಜ್ 2022ರಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿ ಮಾಡಿಸಿಕೊಂಡು ತೀರಿಕೊಂಡಳು. ವಯಸ್ಸು ಬರೀ 21.

ಚಿತ್ರ ನೋಡಿದ ಮಾತ್ರಕ್ಕೆ ಇಷ್ಟಾಗುತ್ತದಾ ಅಂತ ನಿನಗನ್ನಿಸಬಹುದು. ಫಿಜಿ ದ್ವೀಪದಲ್ಲೂ ನಮ್ಮ ಹಿರಿಯರ ಹಾಗೆ ಮೈಕೈ ತುಂಬಿಕೊಂಡಿದ್ದರೇ ಚೆಂದ ಅನ್ನುತ್ತಿದ್ದರು. ಅಲ್ಲಿನ ಒಂದು ಭಾಗಕ್ಕೆ 1995ರಲ್ಲಿ ಟಿವಿ ಬಂತು. ಆಗ ಆನ್ ಬೆಕರ್ ಎಂಬ ಸಂಶೋಧಕಿ ವಿಚಾರಿಸಿದಾಗ, ತೆಳ್ಳಗಾಗಲು ವಾಂತಿ ಮಾಡುವ ಹುಡುಗಿ ಒಬ್ಬಳೂ ಇರಲಿಲ್ಲ. 1998ರಲ್ಲಿ ಮತ್ತೆ ಕೇಳಿದರೆ ನೂರರಲ್ಲಿ 11 ಹುಡುಗಿಯರು ಹೌದು ಅಂದರು.

ಫ್ರಾನ್ಸಿನಲ್ಲಿ 2017ರಿಂದ, ಜಾಹೀರಾತಿನಲ್ಲಿ ಮಾಡೆಲ್ ಮೈಯ ಆಕಾರವನ್ನು ತಿದ್ದಿದ್ದರೆ 'ರೀಟಚ್ ಮಾಡಿದ ಫೋಟೊ' ಅಂತ ಬರೆಯಲೇಬೇಕು. ಒಳ್ಳೆಯ ಕಾನೂನೇ. ಆದರೆ ಇಂಥ ಚೀಟಿ ಓದಿದ ಹುಡುಗಿಯರಿಗೆ ತಮ್ಮ ಮೈ ಬಗ್ಗೆ ಇರುವ ಬೇಸರ ಕಡಿಮೆಯಾಗಲಿಲ್ಲ ಅಂತ ಎಷ್ಟೋ ಅಧ್ಯಯನಗಳು ಹೇಳಿವೆ. ಹಾಗಾಗಿ ಇದೆಲ್ಲ ಸುಳ್ಳು ಅಂತ ನಾನು ಅವಳಿಗೆ ತಿಳಿಸಿ ಹೇಳಿದರೆ ಮುಗಿಯಿತು ಅಂದುಕೊಳ್ಳಬೇಡ.

ಬೇಜಾರಾಗಬೇಡ, ಒಂದು ಮಾತು. ದೀಪಾವಳಿಗೆ ನಿಮ್ಮ ಮನೆಗೆ ಬಂದಾಗ ನಿಮ್ಮ ಅವ್ವ ಅವಳ ಎದುರಿಗೇ "ದೊಡ್ಡಾಕಿ ಬಣ್ಣ ಇಕಿಗೆ ಬರಲಿಲ್ಲ ನೋಡಪಾ" ಅಂದರು. ನೀನು ನಕ್ಕೆ. ಹುಡುಗಿ ತಾಟು ಎತ್ತಿಕೊಂಡು ಒಳಗೆ ಹೋದಳು. ಮ್ಯಾಗಜಿನ್ನಿನವರ ಬಾಯಿ ಮುಚ್ಚಿಸಲು ನಮಗಾಗುವುದಿಲ್ಲ. ಮನೆಯಲ್ಲಿ ಬಣ್ಣದ, ತೂಕದ ಮಾತನ್ನು ನೀನು ನಿಲ್ಲಿಸಬಹುದು, ಅಲ್ವಾ? ಮೊದಲು ಅವ್ವನ ಹತ್ತಿರ ಮಾತಾಡು. ಮಗಳಿಗೆ "ತಿನ್ನು, ತಿನ್ನು" ಅಂತ ಗಂಟು ಬೀಳಬೇಡ. ವಾಂತಿ, ತಲೆಸುತ್ತು ಶುರುವಾದರೆ ಅಥವಾ ಮುಟ್ಟು ನಿಂತರೆ ತಡ ಮಾಡದೆ ಡಾಕ್ಟರಿಗೆ ತೋರಿಸು. ಧಾರವಾಡದಲ್ಲಿ ಡಿಮ್ಹಾನ್ಸ್ ಅಂತ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ, ನಾನೂ ಜೊತೆಗೆ ಬರುತ್ತೇನೆ. ಹುಚ್ಚಾಸ್ಪತ್ರೆ ಅಂತ ಜನ ಏನಾದರೂ ಅಂದುಕೊಳ್ಳಲಿ.

ಅವಳಿಗೆ ಮನಸ್ಸಿದ್ದರೆ ಒಂದು ಭಾನುವಾರ ಸ್ಟುಡಿಯೊಕ್ಕೆ ಕರೆದುಕೊಂಡು ಬಾ. ಮೌಸ್ ಅವಳ ಕೈಗೇ ಕೊಡುತ್ತೇನೆ, ನನ್ನ ಹೊಟ್ಟೆ ಕರಗಿಸಲಿ. ಬರುವ ಮುಂಚೆ ಫೋನ್ ಮಾಡು, ಮದುವೆ ಆರ್ಡರ್ ಇದ್ದರೆ ನಾನು ಸಿಗುವುದಿಲ್ಲ.

ನಿನ್ನ ದೋಸ್ತ