ಮತ್ತೆ ಸೈಕಲ್ ಹತ್ತಿಸಿದವರಿಗೆ

ಹೋದ ಭಾನುವಾರ ಸೈಕಲ್ ಮೇಲೆ ಚಾಮುಂಡಿ ಬೆಟ್ಟ ಹತ್ತಿ ಬಂದೆ. ತೊಡೆ ಮೂಳೆಗೆ ರಾಡ್ ಹಾಕಿಸಿಕೊಂಡು ಮಲಗಿದ್ದಾಗ ಇದು ಆಗುತ್ತೆ ಅಂತ ನನಗೆ ನಂಬಿಕೆ ಇರಲಿಲ್ಲ. ನಂಬಿದ್ದವರು ಬೇರೆಯವರು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದ್ದೇನೆ. ಆದರೂ ಎಲ್ಲರೆದುರು ಒಂದು ಸಲ ಹೇಳದಿದ್ದರೆ ಸಮಾಧಾನ ಇಲ್ಲ.

ಮೊದಲು ನಮ್ಮ ಬೆಳಗಿನ ಸವಾರಿಯ ಗೆಳೆಯರಿಗೆ. ನಂಜನಗೂಡು ರಸ್ತೆಯಲ್ಲಿ ನಾನು ಬಿದ್ದಾಗ ನೀವು ಅವಸರಪಟ್ಟು ಎಬ್ಬಿಸಲಿಲ್ಲ. ಇಬ್ಬರು ಕಾಲು ಅಲುಗದಂತೆ ಹಿಡಿದು ಕೂತಿರಿ. ಉಳಿದವರು ರಸ್ತೆಗೆ ಅಡ್ಡ ನಿಂತು ಹಿಂದಿನಿಂದ ಬರುವ ಗಾಡಿಗಳಿಗೆ ಕೈ ಬೀಸಿದಿರಿ. ಅದನ್ನು ನೆನೆದಾಗಲೆಲ್ಲ ನನಗೆ ಫ್ರಾನ್ಸ್‌ನ ಸೈಕಲ್ ಸವಾರ ಫ್ಲೋರಿಯಾನ್ ಸೆನೆಶಾಲ್ ನೆನಪಾಗುತ್ತಾನೆ.

2020ರ ಆಗಸ್ಟ್‌ನಲ್ಲಿ ಪೋಲೆಂಡ್‌ನ ಕಾಟೊವಿಟ್ಸೆಯಲ್ಲಿ ನೆದರ್‌ಲ್ಯಾಂಡ್ಸ್‌ನ ಸವಾರ ಫಾಬಿಯೊ ಯಾಕೊಬ್ಸನ್ ರೇಸ್ ಮುಗಿಯುವ ಗೆರೆಯ ಹತ್ತಿರ ತಡೆಗೋಡೆಗೆ ಬಡಿದು ಬಿದ್ದ. ಮುಖ ಪೂರ್ತಿ ಜಜ್ಜಿಹೋಗಿತ್ತು, ಹಲ್ಲುಗಳು ಉದುರಿದ್ದವು. ಅವನದೇ ತಂಡದ ಸೆನೆಶಾಲ್ ತನ್ನ ಸೈಕಲ್ ಬಿಟ್ಟು ಓಡಿದ. ಯಾಕೊಬ್ಸನ್‌ಗೆ ಬಾಯ್ತುಂಬ ರಕ್ತ, ಉಸಿರಾಡಲು ಆಗುತ್ತಿರಲಿಲ್ಲ. ತಲೆ ಎತ್ತಿ ಹಿಡಿದ. ಆಮೇಲೆ ವೈದ್ಯರು ಯಾಕೊಬ್ಸನ್‌ನನ್ನು ಕೋಮಾದಲ್ಲಿಟ್ಟು ಮುಖಕ್ಕೆ ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆ ಮಾಡಿದರು. ಮರುವರ್ಷವೇ ಅವನು ಸ್ಪೇನ್‌ನ ಮೂರು ವಾರದ ರೇಸ್ ವುಯೆಲ್ಟಾದಲ್ಲಿ 3 ಹಂತ, ಅಂದರೆ 3 ದಿನದ ಓಟ ಗೆದ್ದ, ಹೆಚ್ಚು ಅಂಕ ಗಳಿಸಿದವನಿಗೆ ಸಿಗುವ ಹಸಿರು ಜೆರ್ಸಿಯನ್ನೂ ಗೆದ್ದ. 2022ರಲ್ಲಿ ಮೊದಲ ಸಲ ಟೂರ್ ಡಿ ಫ್ರಾನ್ಸ್‌ಗೆ ಬಂದು ಎರಡನೇ ದಿನವೇ ಡೆನ್ಮಾರ್ಕ್‌ನ ನ್ಯೂಬೋರ್ಗ್‌ನಲ್ಲಿ ಗೆದ್ದ. ಆ ದಿನ ತಂಡದಲ್ಲಿ ಸೆನೆಶಾಲ್ ಕೂಡ ಇದ್ದ. ಅವನಿಗೆ ಜಾಗ ಸಿಕ್ಕಿದ್ದು ಇನ್ನೊಬ್ಬ ಸವಾರನಿಗೆ ಕೋವಿಡ್ ಬಂದಿದ್ದರಿಂದ, ಅದೂ ಕೊನೇ ಗಳಿಗೆಯಲ್ಲಿ. ಒಬ್ಬನ ಜ್ವರ ಇನ್ನೊಬ್ಬನಿಗೆ ಬಾಗಿಲು ತೆರೆಯಿತು. ಈ ಆಟದಲ್ಲಿ ಹೀಗೆ ಎಷ್ಟೋ ಸಲ ಆಗುತ್ತದೆ.

ಅಮ್ಮನಿಗೆ ಹೇಗೆ ಥ್ಯಾಂಕ್ಸ್ ಹೇಳೋದು ಅಂತಲೇ ಗೊತ್ತಾಗುತ್ತಿಲ್ಲ. ಆಪರೇಷನ್ ಆದಮೇಲೆ ಜ್ವರ ಹಿಡಿದಾಗ ನನಗೆ ಏನೂ ಸೇರುತ್ತಿರಲಿಲ್ಲ. ಎರಡು ಚಮಚ ಗಂಜಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆರಡು ಚಮಚ. ರಾತ್ರಿಯೆಲ್ಲ ಹಾಗೇ ಕೂತಿದ್ದಳು. ಮುರಿದ ಮೂಳೆಯನ್ನು ಎಲ್ಲರೂ ನೋಡುತ್ತಾರೆ. ಹೊಟ್ಟೆ ಕೆಟ್ಟರೆ, ಜ್ವರ ಬಂದರೆ ಯಾರ ಕಣ್ಣಿಗೂ ಬೀಳಲ್ಲ, ಅಲ್ವಾ? 2022ರ ಮಹಿಳೆಯರ ಟೂರ್ ಡಿ ಫ್ರಾನ್ಸ್‌ನ ಮೊದಲ ದಿನಗಳಲ್ಲಿ ನೆದರ್‌ಲ್ಯಾಂಡ್ಸ್‌ನ ಅನ್ನೆಮಿಕ್ ವಾನ್ ವ್ಲೂಟೆನ್‌ಗೆ ಹೊಟ್ಟೆ ಕೆಟ್ಟು ರೇಸನ್ನೇ ಬಿಡುವ ಸ್ಥಿತಿ ಬಂದಿತ್ತು. ಇದ್ದದ್ದೇ 8 ಹಂತ. ಆ ದಿನಗಳನ್ನು ಹೇಗೋ ಹಲ್ಲು ಕಚ್ಚಿ ದಾಟಿದಳು. ಏಳನೇ ಹಂತದಲ್ಲಿ ಬೆಟ್ಟಗಳ ಮೇಲೆ ಎಲ್ಲರನ್ನೂ ಹಿಂದೆ ಬಿಟ್ಟು 3 ನಿಮಿಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದಳು. ಕೊನೆಗೆ ಟೂರ್ ಕೂಡ ಅವಳದೇ ಆಯಿತು. ಅದೇ ವರ್ಷ ಆಸ್ಟ್ರೇಲಿಯಾದ ವಲಂಗಾಂಗ್‌ನಲ್ಲಿ ಮೊಣಕೈ ಮೂಳೆ ಬಿರುಕು ಬಿಟ್ಟಿದ್ದರೂ ವಿಶ್ವ ಚಾಂಪಿಯನ್ ಆದಳು. ನನ್ನ ಮಟ್ಟಿಗೆ ಹೊಟ್ಟೆಯ ಕಥೆಯೇ ದೊಡ್ಡದು.

ಫಿಸಿಯೋ ಮೇಡಂ, ನಿಮ್ಮನ್ನು ನಾನು ತುಂಬಾ ಗೋಳು ಹುಯ್ದುಕೊಂಡೆ. ಡೆನ್ಮಾರ್ಕ್‌ನ ಸವಾರ ವಿಂಗೆಗೋರ್ ಬಿದ್ದು 3 ತಿಂಗಳಲ್ಲಿ ವಾಪಸ್ ಬಂದ, ನನಗೆ ಯಾಕೆ ಆಗ್ತಿಲ್ಲ ಅಂತ ದಿನಾ ಕೇಳುತ್ತಿದ್ದೆ. ಬಂದದ್ದು ನಿಜ. 2024ರ ಏಪ್ರಿಲ್‌ನಲ್ಲಿ ಸ್ಪೇನ್‌ನ ಬಾಸ್ಕ್ ನಾಡಿನ ಇಳಿಜಾರಿನಲ್ಲಿ ಬಿದ್ದು ಕಾಲರ್ ಬೋನ್, ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೂ ಪೆಟ್ಟಾಗಿತ್ತು. ಜುಲೈನಲ್ಲಿ ಟೂರ್ ಡಿ ಫ್ರಾನ್ಸ್‌ಗೆ ಬಂದು ಲೆ ಲಿಯೊರಾನ್‌ನಲ್ಲಿ ದೊಡ್ಡ ಎದುರಾಳಿ ಪೊಗಾಚಾರ್‌ನನ್ನೇ ಹಿಂದಿಕ್ಕಿ ಹಂತ ಗೆದ್ದು ಕಣ್ಣೀರಿಟ್ಟ. ಆ ಟೂರ್‌ನಲ್ಲಿ ಎರಡನೆಯವನಾದ. ನೀವು ಒಂದೇ ಮಾತು ಹೇಳಿದಿರಿ: ‘ಅವರದು ಯಾವ ಮೂಳೆ, ನಿಮ್ಮದು ಯಾವ ಮೂಳೆ?’ ಮುರಿದ ಕಾಲರ್ ಬೋನ್ ಮೈಭಾರ ಹೊರಬೇಕಿಲ್ಲ. ತೊಡೆ ಮೂಳೆ ಹೊರಬೇಕು, ಪೆಡಲ್ ತುಳಿಯುವ ಬಲವೆಲ್ಲ ಅದರ ಸುತ್ತಲಿನ ಸ್ನಾಯುಗಳದ್ದು. 4 ಸಲ ಟೂರ್ ಗೆದ್ದಿದ್ದ ಕ್ರಿಸ್ ಫ್ರೂಮ್ 2019ರ ಜೂನ್‌ನಲ್ಲಿ ಫ್ರಾನ್ಸ್‌ನ ರೋಆನ್ ಊರಲ್ಲಿ ಗೋಡೆಗೆ ಬಡಿದು ತೊಡೆ ಮೂಳೆ ಮುರಿದುಕೊಂಡ. ಆಮೇಲೆ ವರ್ಷಗಟ್ಟಲೆ ರೇಸ್‌ಗಳಲ್ಲಿ ಓಡಿದ, ಒಂದನ್ನೂ ಗೆಲ್ಲಲಿಲ್ಲ. ಅವನಲ್ಲಿ ಛಲ ಕಡಿಮೆ ಇತ್ತು ಅಂತ ನಾನು ಒಪ್ಪಲ್ಲ. ನಿಮ್ಮ ಆ ಮಾತು ಕೇಳಿದ ಮೇಲೆ ನಾನು ತಿಂಗಳು ಎಣಿಸುವುದನ್ನು ಬಿಟ್ಟೆ.

ಅಕ್ಕ, ಭಾವ, ನೀವು ಹಾಲ್‌ನಲ್ಲಿ ಮಂಚ ಹಾಕಿಸಿ ಟಿವಿ ನನ್ನ ಕಡೆ ತಿರುಗಿಸಿದಿರಿ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದಲೇ ವುಯೆಲ್ಟಾ ನೋಡಿದೆ. ಹದಿನಾರನೇ ಹಂತದ ಕೊನೆಗೆ ಮುಂದೆ ಉಳಿದವರು ಇಬ್ಬರೇ. ಒಬ್ಬ ಎಗಾನ್ ಬರ್ನಾಲ್. 2022ರ ಜನವರಿಯಲ್ಲಿ ಕೊಲಂಬಿಯಾದಲ್ಲಿ ತರಬೇತಿ ಮಾಡುವಾಗ ನಿಂತಿದ್ದ ಬಸ್ಸಿನ ಹಿಂಭಾಗಕ್ಕೆ ಗುದ್ದಿದವನು. ಬೆನ್ನುಮೂಳೆ, ತೊಡೆ, ಮಂಡಿಚಿಪ್ಪು, ಪಕ್ಕೆಲುಬು ಎಲ್ಲ ಮುರಿದಿತ್ತು. ಸೊಂಟದ ಕೆಳಗೆ ಸ್ವಾಧೀನವೇ ಇಲ್ಲದಂತಾಗುವ ಅಪಾಯ ಇತ್ತು. ಇನ್ನೊಬ್ಬ ಮಿಕೆಲ್ ಲಾಂಡಾ. 2025ರದೇ ಮೇ ತಿಂಗಳಲ್ಲಿ ಇಟಲಿಯ ದೊಡ್ಡ ರೇಸ್ ಜಿರೊದ ಮೊದಲ ದಿನವೇ ಬಿದ್ದು ಬೆನ್ನುಮೂಳೆ ಮುರಿದುಕೊಂಡವನು. ಬರ್ನಾಲ್ ಗೆದ್ದ. 2021ರಲ್ಲಿ ಜಿರೊ ಗೆದ್ದಮೇಲೆ ದೊಡ್ಡ ರೇಸ್‌ನಲ್ಲಿ ಅವನಿಗೆ ಮತ್ತೆ ಗೆಲುವು ಸಿಕ್ಕಿದ್ದು ಆ ದಿನ. ನಾನು ಕೂಗಿದ ಕೂಗಿಗೆ ಭಾವ ಹೆದರಿ ಅಡುಗೆಮನೆಯಿಂದ ಓಡಿ ಬಂದರು. ಮರುದಿನ ವಾಕರ್ ಹಿಡಿದು ಬಾಗಿಲ ತನಕ ಹೋದೆ.

ಅಕ್ಕ ಅದೇ ವಾರ ‘ಮತ್ತೆ ಸೈಕಲ್ ಹತ್ತಲೇಬೇಕು ಅಂತೇನಿಲ್ಲ ಕಣೋ’ ಅಂದಳು. ಆಗ ಅವಳಿಗೆ ಇಟಲಿಯ ಸವಾರ ಸೋನಿ ಕೋಲ್ಬ್ರೆಲಿ ಬಗ್ಗೆ ಹೇಳಿದೆ. 2021ರ ಅಕ್ಟೋಬರ್‌ನಲ್ಲಿ ಕೆಸರಿನಲ್ಲಿ ಮುಳುಗೆದ್ದು ಫ್ರಾನ್ಸ್‌ನ ಪ್ಯಾರಿಸ್-ರೂಬೆ ರೇಸ್ ಗೆದ್ದವನು. ಮುಂದಿನ ಮಾರ್ಚ್‌ನಲ್ಲಿ ಕ್ಯಾಟಲೋನಿಯಾದ ರೇಸ್‌ನ ಮೊದಲ ದಿನ ಎರಡನೆಯವನಾಗಿ ಗೆರೆ ದಾಟಿದ. ಆಮೇಲೆ ಕುಸಿದ, ಹೃದಯ ನಿಂತಿತು. ಅಲ್ಲೇ ಎದೆ ಒತ್ತಿ, ಡಿಫಿಬ್ರಿಲೇಟರ್‌ನಿಂದ ಶಾಕ್ ಕೊಟ್ಟು ಬದುಕಿಸಿದರು. ಎದೆಯೊಳಗೆ ಅಂಥದೇ ಪುಟ್ಟ ಯಂತ್ರ ಕೂರಿಸಿದರು. ಅದನ್ನು ಇಟ್ಟುಕೊಂಡು ಇಟಲಿಯಲ್ಲಿ ವೃತ್ತಿಪರ ರೇಸ್ ಓಡಿಸಲು ಬಿಡಲ್ಲ. ಆ ವರ್ಷವೇ ರೇಸ್ ಬಿಟ್ಟ. ಅವನ ಬಗ್ಗೆ ನನಗೆ ಕನಿಕರ ಇಲ್ಲ, ಅವನು ಬದುಕಿರುವುದಕ್ಕೆ ಖುಷಿ ಇದೆ. ಅಕ್ಕನ ಮಾತಿನಲ್ಲಿ ಇದ್ದದ್ದೂ ಅದೇ ಪ್ರೀತಿ. ಅದಕ್ಕೇ ನಿನಗೆ ಜಾಸ್ತಿ ಋಣಿ, ಅಕ್ಕ.

ಇನ್ನೊಬ್ಬರು ಉಳಿದಿದ್ದಾರೆ. ಆ ದಿನ ಆಂಬ್ಯುಲೆನ್ಸ್ ತಡವಾದಾಗ ಹಾಲಿನ ವ್ಯಾನ್ ನಿಲ್ಲಿಸಿ, ಕ್ರೇಟ್‌ಗಳನ್ನು ರಸ್ತೆ ಬದಿಗೆ ಇಳಿಸಿ, ನನ್ನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಬಿಟ್ಟ ಅಣ್ಣ. ಹೆಸರು ಕೇಳುವ ಸ್ಥಿತಿಯಲ್ಲಿ ನಾವ್ಯಾರೂ ಇರಲಿಲ್ಲ. ನಂಜನಗೂಡು ಕಡೆ ಹಾಲಿನ ವ್ಯಾನ್ ಓಡಿಸುವವರು ಯಾರಾದರೂ ಗೊತ್ತಿದ್ದರೆ ಈ ಬರಹ ಅವರಿಗೆ ಓದಿ ಹೇಳಿ. ಸೈಕಲ್‌ನವನು ನಡೆಯುತ್ತಿದ್ದಾನೆ, ಬೆಟ್ಟ ಹತ್ತಿದ್ದಾನೆ, ನಿಮ್ಮನ್ನು ನೋಡಬೇಕಂತೆ ಅಂತ ತಿಳಿಸಿ.